ಈ ಮನೆಯಲ್ಲಿ ಶಿಕ್ಷೆ ಕೊಡುವವಳು

ಕಿಣತ್ತುಕಡವು
12 ಜನವರಿ 2025

ದ್ರಾಕ್ಷಾಯಣಿಗೆ,

ನಿನ್ನ ಕಾಗದ ತಲುಪಿತು. ಸೃಷ್ಟಿಯನ್ನು ಕೊಳ್ಳೇಗಾಲಕ್ಕೆ ಕಳುಹಿಸಿ ಎಂದು ಬರೆದಿದ್ದೀಯೆ. ಕಳುಹಿಸುವುದಿಲ್ಲ. ಅವಳು ನನ್ನ ಗುರುಪ್ರಸನ್ನನ ಮಗಳು, ಈ ಮನೆಯಲ್ಲೇ ಬೆಳೆಯುತ್ತಾಳೆ. ಶಾಲೆಗೆ ಹೋಗುತ್ತಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ನಿನ್ನ ಹೆಸರು ಎತ್ತುವುದನ್ನು ಬಿಡಿಸಿದ್ದೇನೆ.

ನಿನ್ನ ತಲೆಗೆ ಬಿದ್ದ ಹೊಲಿಗೆಯ ಸಂಗತಿಯನ್ನು ನಿನ್ನ ಅಣ್ಣ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನಂತೆ. ಗಂಡ ಸತ್ತ ಮನೆಯಲ್ಲಿ ಅತ್ತೆಯ ಎದುರು ದನಿ ಎತ್ತಿದವಳಿಗೆ ಬುದ್ಧಿ ಹೇಳಿದೆ. ನಿನ್ನ ತಲೆ ಬಾಗಿಲಿನ ಚೌಕಟ್ಟಿಗೆ ತಗುಲಿತು. ಚೌಕಟ್ಟು ನಾನು ಮಾಡಿಸಿದ್ದಲ್ಲ, ನನ್ನ ಮಾವನವರು ಮಾಡಿಸಿದ್ದು. ಮರುದಿನವೇ ನನ್ನ ಕಿರಿಯ ಮಗ ಸುಮುಖ ತನ್ನ ಕಾರಿನಲ್ಲೇ ನಿನ್ನನ್ನು ತವರಿಗೆ ಬಿಟ್ಟುಬಂದ. ಬಸ್ಸಿಗೆ ಹತ್ತಿಸಿ ಕೈ ತೊಳೆದುಕೊಳ್ಳಲಿಲ್ಲ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ಗುರು ಹೋಗಿ ವರ್ಷವಾಗುತ್ತ ಬಂತು. ಕರೆಂಟು ತಗುಲಿ ಬಾವಿಯ ನೀರಿಗೆ ಬಿದ್ದ, ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡು ಹೋದರು. ನಾನು ಒಪ್ಪಿಲ್ಲ. ನಮ್ಮ ಕಡೆ ಮೋಟಾರು ನೋಡಲು ಬಾವಿಗೆ ಇಳಿಯುವವನು ಫ್ಯೂಸ್ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡೇ ಇಳಿಯುತ್ತಾನೆ. ಹೆತ್ತ ತಾಯಿಯ ಕೈಗೂ ಕೊಡುವುದಿಲ್ಲ. ಗುರುವೂ ಹಾಗೆಯೇ ಇಳಿದ. ಹೆಣ ಮೇಲೆತ್ತಿದಾಗ ಜೇಬಿನಿಂದ ಆ ಫ್ಯೂಸನ್ನು ತೆಗೆದವಳು ನಾನೇ. ಹಾಗಿದ್ದರೆ ಕರೆಂಟು ಎಲ್ಲಿಂದ ಬಂತು? ಯಾರೋ ಮೋಟಾರು ಶೆಡ್ಡಿಗೆ ಹೋಗಿ ತಂತಿ ಸಿಕ್ಕಿಸಿದ್ದಾರೆ.

ಆ ಹೊತ್ತಿನಲ್ಲಿ ನೀನು ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಪೊಲೀಸರಿಗೂ ನಾನು ಹಾಗೆಯೇ ಹೇಳಿದ್ದೇನೆ. ಹಿತ್ತಿಲಿನಿಂದ ಶೆಡ್ಡು ಕಾಣುತ್ತದೆ. ಯಾರು ಹೋದರು, ಬರೆ.

ಫೋನು ಮಾಡಬೇಡ. ಹಾಲಿನಲ್ಲಿ ಕೂತು ಮಾತಾಡಿದರೆ ಕೆಲಸದ ಮುತ್ತಮ್ಮಾಳಿಗೂ ಕೇಳುತ್ತದೆ. ಕಾಗದವೇ ವಾಸಿ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮುಗಿಸಿ ಬಂದವಳು. ಕನ್ನಡ ಅಕ್ಷರ ಈ ಮನೆಯಲ್ಲಿ ನನಗೊಬ್ಬಳಿಗೇ ಬರುವುದು. ನನ್ನ ಮಕ್ಕಳು ಬಾಯಲ್ಲಿ ಆಡುತ್ತಾರೆ, ಓದುವುದೆಲ್ಲ ತಮಿಳು.

ಸರಸ್ವತಮ್ಮ ವ್ಯಾಸರಾಯ

*

ಕೊಳ್ಳೇಗಾಲ
30 ಜನವರಿ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಸೃಷ್ಟಿಗೆ ಚಳಿಗಾಲದಲ್ಲಿ ಕಿವಿ ಸೋರುತ್ತದೆ. ತಲೆಗೆ ನೀರು ಹಾಕಿದ ಮೇಲೆ ಕಿವಿಗೆ ಹತ್ತಿ ಇಡಲು ಮುತ್ತಮ್ಮಾಳಿಗೆ ಹೇಳಿ. ರಾತ್ರಿ ಎಡಮಗ್ಗುಲಿಗೆ ಮಲಗಿಸಿ.

ಆ ದಿನದ ವಿಷಯ ಕೇಳಿದ್ದೀರಿ. ನೀವು ಬರೆದಂತೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ನೀವು ನಂಬುವುದಿಲ್ಲ, ನಂಬಿದರೆ ನಿಮ್ಮ ಮನೆ ಉಳಿಯುವುದಿಲ್ಲ. ನನ್ನ ಮನೆಯಂತೂ ಹೋಯಿತು. ನಿಮ್ಮದಾದರೂ ಇರಲಿ.

ನಿಮ್ಮ ಸೊಸೆ,
ದ್ರಾಕ್ಷಾಯಣಿ

*

ಕಿಣತ್ತುಕಡವು
8 ಫೆಬ್ರವರಿ 2025

ದ್ರಾಕ್ಷಾಯಣಿಗೆ,

ಮನೆ ಉಳಿಯುತ್ತದೋ ಇಲ್ಲವೋ ನಾನು ನೋಡಿಕೊಳ್ಳುತ್ತೇನೆ. ನಿನ್ನನ್ನು ಕೇಳಿದ್ದು ಯಾರನ್ನು ಕಂಡೆ ಎಂದು ಮಾತ್ರ.

ಗುರು ಹೋದಂದಿನಿಂದ ನಾನು ಆ ಬಾವಿಯ ನೀರು ಕುಡಿದಿಲ್ಲ. ಊರ ಟ್ಯಾಂಕಿನ ನೀರು ತರಿಸುತ್ತೇನೆ. ಸತ್ತವನನ್ನು ನನ್ನ ಕೈಯಲ್ಲೇ ತೊಳೆದೆ. ಅಂಗೈಯ ಚರ್ಮ ಕರಿದ ಹಪ್ಪಳದಂತೆ ಎದ್ದು ಬಂದಿತ್ತು. ಹಲ್ಲು ನಾಲಿಗೆಯನ್ನು ಕಚ್ಚಿ ಎರಡು ಮಾಡಿತ್ತು. ಹೆತ್ತವಳು ಅದನ್ನು ಕಂಡ ಮೇಲೆ ಸುಮ್ಮನೆ ಕೂತು ಸೀರೆಗೆ ಅಂಚು ಹೊಲಿಯುತ್ತಾಳೆ ಎಂದುಕೊಂಡೆಯಾ?

ಮಗುವಿನ ತಲೆಯ ಮೇಲೆ ಆಣೆಯಿಟ್ಟು ಬರೆ. ನಿಜ ಬರೆದರೆ ಮಗುವನ್ನು ಬೇಸಿಗೆ ರಜೆಗೆ ಕಳುಹಿಸುವ ಬಗ್ಗೆ ಯೋಚಿಸುತ್ತೇನೆ.

ಸರಸ್ವತಮ್ಮ

*

ಕೊಳ್ಳೇಗಾಲ
3 ಮಾರ್ಚ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸಿ. ಬರೆದು ಹರಿದೆ, ಮತ್ತೆ ಬರೆದೆ.

ಮಗುವಿನ ಮೇಲೆ ಆಣೆ ಇಡಿಸಬೇಡಿ. ತಾಯಿಗೆ ಅದು ಆಗದ ಕೆಲಸ. ಹೋದವರ ಮೇಲೆ ಆಣೆ ಇಟ್ಟು ಬರೆಯುತ್ತೇನೆ.

ನಾನು ಸೃಷ್ಟಿಯ ಶಾಲೆಯ ಅಂಗಿಯನ್ನು ಹಗ್ಗಕ್ಕೆ ಹಾಕುತ್ತಿದ್ದೆ. ಸುಮುಖ ಶೆಡ್ಡಿನ ಬಾಗಿಲಿನಿಂದ ಹೊರಗೆ ಬಂದರು. ಕೈಯನ್ನು ಪಂಚೆಗೆ ಒರೆಸಿಕೊಂಡರು. ನನ್ನನ್ನು ನೋಡಿ, "ಅಣ್ಣಿ, ಕಾಫಿ ಇದೆಯಾ?" ಎಂದು ಎಂದಿನಂತೆ ಅತ್ತಿಗೆಯನ್ನು ಕೇಳುವ ಹಾಗೆ ಕೇಳಿದರು. ಆಮೇಲೆ ಬಾವಿಯಿಂದ ಆ ಕೂಗು ಬಂತು.

ತೋಟವನ್ನು ಸೈಟು ಮಾಡಿ ಮಾರೋಣ ಎಂದು ಅಣ್ಣನ ಜೊತೆ ಜಗಳವಾಡುತ್ತಿದ್ದದ್ದು ನಿಮಗೂ ಗೊತ್ತು. ನಾನು ಏನನ್ನೂ ಕೂಡಿಸಿ ಹೇಳುತ್ತಿಲ್ಲ. ಕಂಡದ್ದಷ್ಟೇ ಬರೆದಿದ್ದೇನೆ.

ದ್ರಾಕ್ಷಾಯಣಿ

*

ಕಿಣತ್ತುಕಡವು
17 ಮಾರ್ಚ್ 2025

ಚಿರಂಜೀವಿ ದ್ರಾಕ್ಷಾಯಣಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಮರುದಿನ ಮಾಡಿದೆ. ಕೆಲಸ ಇರುವವಳು ಉಪವಾಸ ಇರಬಾರದು.

ನೀನು ಮಗುವಿನ ಮೇಲೆ ಆಣೆ ಇಡಲಿಲ್ಲ. ಅದನ್ನು ನಾನು ಮೆಚ್ಚಿದೆ. ನಾನೂ ಇಡುತ್ತಿರಲಿಲ್ಲ.

ಆದರೆ ಒಬ್ಬರ ಮಾತು ಕೇಳಿ ತೀರ್ಪು ಹೇಳುವವಳಲ್ಲ ನಾನು. ನಿನ್ನ ಮಾವನವರು ವಕೀಲರಾಗಿದ್ದರು, ಅವರ ಜೊತೆ ಬಾಳಿದ್ದೇನೆ. ಭಾನುವಾರ ಸುಮುಖ ಸಿಟಿಯ ಗಣಪತಿ ಬಡಾವಣೆಯ ತನ್ನ ವರ್ಕ್‌ಶಾಪಿನಿಂದ ಬಂದ. ಬಡಿಸುತ್ತ ಬಡಿಸುತ್ತ ಕೇಳಿದೆ: "ಅಣ್ಣನಿಗೆ ಕರೆಂಟು ಹೇಗೆ ಹೊಡೆಯಿತು ಅಂತ ನಿನಗೆ ಗೊತ್ತಾ?" ಅವನ ಕೈ ನಿಂತುಬಿಟ್ಟಿತು. ರಸದಲ್ಲಿ ಕಲಸಿದ ಅನ್ನ ಬೆರಳ ಸಂದಿಯಿಂದ ಎಲೆಗೆ ಸುರಿಯಿತು. "ಅದೆಲ್ಲ ಈಗ ಯಾಕಮ್ಮಾ, ವಿಟ್ಟುಡುಂಗ, ಬಿಟ್ಟುಬಿಡಿ" ಎಂದ. ನನ್ನ ಮುಖ ನೋಡಲಿಲ್ಲ. ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಪಂಪು ಬಿಚ್ಚಿ ಕಟ್ಟುವ ಮೆಕ್ಯಾನಿಕಲ್ ಇಂಜಿನಿಯರು. ಯಾವ ತಂತಿ ಎಲ್ಲಿ ಸೇರಿಸಬೇಕೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಅವನು ಚಿಕ್ಕವನಾಗಿದ್ದಾಗ ದೇವರ ಮನೆಯ ಹುಂಡಿ ಕದ್ದು ಸುಳ್ಳು ಹೇಳಿದ. ಅವರಪ್ಪ ಬಯ್ದು ಬಿಡೋಣ ಎಂದರು. ನಾನು ಅವನ ಅಂಗೈಯನ್ನು ಕಾದ ದೋಸೆಕಲ್ಲಿಗೆ ಒತ್ತಿ ಹಿಡಿದೆ. ಈಗಲೂ ಗುರುತಿದೆ. ಅಂದಿನಿಂದ ಕದಿಯಲಿಲ್ಲ. ಈ ಮನೆಯಲ್ಲಿ ಶಿಕ್ಷೆ ಕೊಡುವವಳು ನಾನು. ಪೊಲೀಸರ ಕೈಗೆ ಕೊಟ್ಟು ನಾಡಿನ ಬಾಯಿಗೆಲ್ಲ ನಮ್ಮ ಮನೆತನವನ್ನು ಹಾಕುವುದಿಲ್ಲ.

ಸೃಷ್ಟಿಯ ಕಿವಿ ಈಗ ಸೋರುತ್ತಿಲ್ಲ.

ನಿನ್ನ ಅತ್ತೆ,
ಸರಸ್ವತಮ್ಮ

*

ಕೊಳ್ಳೇಗಾಲ
26 ಮಾರ್ಚ್ 2025

ಪೂಜ್ಯ ಅತ್ತೆಯವರಿಗೆ,

ಕೈಮುಗಿದು ಕೇಳುತ್ತೇನೆ, ಅಂಥದ್ದೇನೂ ಮಾಡಬೇಡಿ. ಕ್ಷಮಿಸಿಬಿಡಿ. ಒಬ್ಬ ಮಗನಾದರೂ ಉಳಿಯಲಿ. ನಿಮಗೂ ವಯಸ್ಸಾಯಿತು, ಮೊದಲಿನ ಗಟ್ಟಿತನ ಈಗ ಯಾರೂ ನಿಮ್ಮಿಂದ ನಿರೀಕ್ಷಿಸುವುದಿಲ್ಲ. ಇಲ್ಲಿ ನನ್ನ ಅತ್ತಿಗೆ ಸುಶೀಲ ಕೂಡ, ಆ ತಾಯಿ ಇನ್ನು ಮುದುಕಿ, ಕಿರಿಯ ಮಗ ಹೇಳಿದಂತೆ ಕೇಳಿಕೊಂಡು ಇರಬೇಕಾದವರು ಎಂದಳು.

ಹಾಗೂ ನಿಮ್ಮ ಮನಸ್ಸು ನಿಲ್ಲದಿದ್ದರೆ ಒಂದು ಮಾತು ನಡೆಸಿಕೊಡಿ. ಆ ದಿನ ಮಗು ಅಲ್ಲಿ ಇರಬಾರದು. ಏಪ್ರಿಲ್ ಕೊನೆಗೆ ಶಾಲೆ ಮುಗಿದ ಕೂಡಲೇ ನನ್ನ ಅಣ್ಣ ಬಂದು ಕರೆದುಕೊಂಡು ಬರುತ್ತಾನೆ. ಟೀಸಿಯನ್ನೂ ಕೊಟ್ಟು ಕಳುಹಿಸಿ, ಯಾವುದಕ್ಕೂ ಇರಲಿ.

ದ್ರಾಕ್ಷಾಯಣಿ

*

ಕಿಣತ್ತುಕಡವು
11 ಮೇ 2025

ಚಿರಂಜೀವಿ ದ್ರಾಕ್ಷಾಯಣಿಗೆ ಆಶೀರ್ವಾದಗಳು.

ಮಗು ಕ್ಷೇಮವಾಗಿ ಸೇರಿದ್ದು ತಿಳಿಯಿತು. ಅವಳ ಬೆಳ್ಳಿ ಗೆಜ್ಜೆ ಪೆಟ್ಟಿಗೆಯ ಅಡಿಯಲ್ಲಿದೆ, ನೋಡಿಕೋ.

ಕೆಲಸ ಮುಗಿಯಿತು. ಸುಮುಖ ಬಾವಿಗೆ ಇಳಿದಿದ್ದಾಗ ಹಳೆಯ ಕಟ್ಟೆ ಕುಸಿದು ಕಲ್ಲು ತಲೆಗೆ ಬಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಎಲ್ಲರೂ ನಂಬಿದ್ದಾರೆ. ನಿನಗೆ ಮಾತ್ರ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ನಾನು ಮುದುಕಿಯಾದೆನೋ ಇಲ್ಲವೋ ನಿನ್ನ ಅತ್ತಿಗೆಗೆ ಓದಿ ಹೇಳು.

ಮೋಟಾರು ನೀರು ಎತ್ತುತ್ತಿಲ್ಲ, ಹೊರಗಿನವರನ್ನು ನಾನು ಬಾವಿಗೆ ಇಳಿಸುವುದಿಲ್ಲ, ನೀನೇ ಬಾ ಎಂದು ಕರೆಸಿದೆ. ಮುತ್ತಮ್ಮಾಳನ್ನು ಪೊಳ್ಳಾಚಿಗೆ ಮಗಳ ಮನೆಗೆ ಕಳುಹಿಸಿದ್ದೆ. ನಮ್ಮ ಬಾವಿಗೆ ಒಂದು ಕಡೆ ಕಟ್ಟೆ ಇಲ್ಲ, ಹಿಂದೆ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಜಾಗ. ಹಿಂದಿನ ಸಂಜೆಯೇ ಅಲ್ಲಿಗೆ ರುಬ್ಬುಗುಂಡನ್ನು ಉರುಳಿಸಿ ತಂದು ತೆಂಗಿನ ಗರಿ ಮುಚ್ಚಿದ್ದೆ. ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ತೋರಿಸಿದ ಮೊದಲ ವಸ್ತು ಅದು. ಸೊಂಟ ಬಿದ್ದುಹೋಗುವಷ್ಟು ಭಾರ.

ಅವನು ಬೆಳಗ್ಗೆ ಬಂದ. ಇಡ್ಲಿ ತಿಂದ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಮತ್ತೆ ಶೆಡ್ಡಿನೊಳಕ್ಕೆ ಹೋಗಿ ಇನ್ನೇನೋ ಮಾಡಿ ಬಂದ. ನಾನು ಕೇಳಲಿಲ್ಲ. ಗೋಡೆಗೆ ಸಿಕ್ಕಿಸಿದ ಕಲ್ಲುಗಳ ಮೇಲೆ ಕಾಲಿಡುತ್ತ ಇಳಿದ. ಬೇಸಿಗೆ, ನೀರು ತಳದಲ್ಲಿತ್ತು. ಬಂಡೆಯ ಮೇಲೆ ನಿಂತು ಹಗ್ಗ ಎಳೆದು ನೋಡಿ, ಮೋಟಾರಿಗೆ ಏನೂ ಆಗಿಲ್ಲ, ಹಬ್ಬದ ದಿನ ಕಾಫಿಗೆ ಕರೆಯುವಂತೆ ಕರೆದಿದ್ದೀರಿ ಎಂದು ನಕ್ಕ.

ನಾನು ಕಪಿಲೆಯ ಕಡೆ ನಿಂತು ಕೇಳಿದೆ: "ಅಣ್ಣ ಇಳಿದ ದಿನ ನೀನು ಶೆಡ್ಡಿಗೆ ಯಾಕೆ ಹೋಗಿದ್ದೆ?"

"ಯಾರು ಹೋದ್ರು? ನಾ ಶೆಡ್ ಪಕ್ಕವೇ ಹೋಗ್ಲಿಲ್ಲ. ಬಿಸಿಲು ತಲೆಗೆ ಏರಿಬಿಟ್ಟಿದೆಯಾ ಮಾ? ಒಳಗ ಹೋಗಿ ತಣ್ಣಗೆ ಮೋರು ಕುಡೀರಿ."

"ಕಂಡವರಿದ್ದಾರೆ."

ಆಗ ಅವನು ನಗುವುದನ್ನು ನಿಲ್ಲಿಸಿದ. ಮೇಲೆ ನೋಡಿದ. ಅವನು ಹೇಳಿದ ಸುಳ್ಳನ್ನು ಹಾಗೆಯೇ ಬರೆಯುತ್ತೇನೆ, ನೀನೂ ನೋಡು, ಸಾಯುವಾಗಲೂ ಹೆತ್ತವಳ ಮೇಲೆ ಹೊರಿಸಿದ.

"ಅಮ್ಮಾ, ಅಣ್ಣ ಕಿತ್ತಿದ್ದು ದೊಡ್ಡ ಮೋಟಾರಿಂದು ಫ್ಯೂಸು. ಅವನಿಗೆ ಹೊಡ್ದಿದ್ದು ಮನೆ ಟ್ಯಾಂಕಿಗೆ ನೀರು ಎತ್ತೋ ಚಿಕ್ಕ ಮೋಟಾರು. ಅದರ ವಯರು ಇಲಿ ಕಡ್ದಿತ್ತು, ಸ್ವಿಚ್ಚು ಆಟೋಲ ಇತ್ತು. ತ್ರೀಫೇಸ್ ಬಂತು, ಅದು ತಾನಾಗೇ ಓಡ್ತು. ಪೊಲೀಸ್ ಬರೋದ್ರೊಳಗೆ ಸ್ವಿಚ್ಚನ್ನ ನಾನೇ ತಿರುಗಿಸಿಟ್ಟೆ. ಅದನ್ನ ಆಟೋಗೆ ಹಾಕಿದ್ದು ಯಾರು ಅಂತ ನಿಮ್ಮ ಕಿವಿಗೆ ಬೀಳಬಾರ್ದು ಅಂತ ಯಾರಿಗೂ ಹೇಳಿಲ್ಲ."

ಮುಟ್ಟಿದ್ದೇನೆ ಎಂದು ತನ್ನ ಬಾಯಿಂದಲೇ ಒಪ್ಪಿದನಲ್ಲ. ಇನ್ನೇನು ಸಾಕ್ಷಿ ಬೇಕು?

ಗುಂಡನ್ನು ಕಾಲಿನಿಂದ ಒತ್ತಿದೆ. ಅದು ಅವನ ಭುಜಕ್ಕೆ ಬಿತ್ತು. ತೆಂಗಿನ ಮಟ್ಟೆ ಮುರಿದಂಥ ಸದ್ದು. ತೋಳು ಹಿಂದಕ್ಕೆ ತಿರುಗಿ ಜೋತುಬಿತ್ತು. ಬಂಡೆಯ ಮೇಲೆ ಮಂಡಿಯೂರಿ ಕೂತ, ಅಮ್ಮಾ ಅಮ್ಮಾ ಎಂದ. ಒಂದೇ ಕೈಯಲ್ಲಿ ಮೆಟ್ಟಿಲು ಹಿಡಿದು ಹತ್ತಲು ನೋಡಿದ. ಹತ್ತುತ್ತಿದ್ದ, ದ್ರಾಕ್ಷಾಯಣಿ, ನನ್ನ ಕಡೆಗೇ ಹತ್ತಿ ಬರುತ್ತಿದ್ದ. ಕಟ್ಟೆಯ ಸಡಿಲ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಕೆಡವಿದೆ. ಮುಖ ಗುರುತು ಸಿಗದಂತಾಗುವವರೆಗೆ ಕೆಡವಿದೆ. ಕೊನೆಗೆ ಬೆರಳುಗಳು ಮಾತ್ರ ಮೆಟ್ಟಿಲನ್ನು ಹಿಡಿದುಕೊಂಡಿದ್ದವು, ಅವೂ ಬಿಟ್ಟವು. ನೀರು ಬೀಟ್‌ರೂಟು ಬೇಯಿಸಿದ ನೀರಿನಂತಾಯಿತು.

ನನ್ನ ಉಗುರುಗಳು ಕಿತ್ತುಹೋಗಿವೆ. ಅದಕ್ಕೇ ಅಕ್ಷರ ಅಂಕುಡೊಂಕು.

ಹೆತ್ತವಳೇ ತೀರ್ಪು ಕೊಟ್ಟಳು. ಇನ್ನು ಗುರುವಿಗೆ ನೆಮ್ಮದಿ. ನೀನು ಮಗುವನ್ನು ಕರೆದುಕೊಂಡು ಬಂದು ಈ ಮನೆಯಲ್ಲಿರು. ಬೀಗದ ಕೈ ನಿನಗೆ ಕೊಡುತ್ತೇನೆ.

ನಿನ್ನ ಅತ್ತೆ,
ಸರಸ್ವತಮ್ಮ

*

ಕೊಳ್ಳೇಗಾಲ
29 ಮೇ 2025

ಸರಸ್ವತಮ್ಮನವರಿಗೆ,

ಸೃಷ್ಟಿಯನ್ನು ಇಲ್ಲಿಯ ಶಾಲೆಗೆ ಸೇರಿಸಿದೆ. ಟೀಸಿ ಕೊಟ್ಟದ್ದರಿಂದ ಸುಲಭವಾಯಿತು.

ಸುಮುಖ ಸುಳ್ಳು ಹೇಳಲಿಲ್ಲ.

ನನ್ನ ಗಂಡ ಹೋದ ದಿನದ ಹಿಂದಿನ ಸಂಜೆ ನಾನು ಚಿಕ್ಕ ಮೋಟಾರಿನ ಸ್ವಿಚ್ಚನ್ನು ಆಟೋದಿಂದ ತೆಗೆದಿಟ್ಟಿದ್ದೆ, ಇವರು ಬೆಳಗ್ಗೆ ಇಳಿಯುತ್ತಾರೆ ಎಂದು. ಬೆಳಗ್ಗೆ ಟ್ಯಾಂಕಿನಲ್ಲಿ ನೀರಿಲ್ಲ ಎಂದು ನಿಮಗೆ ಸಿಟ್ಟು ಬಂತು. ಮುತ್ತಮ್ಮಾಳಿನ ಎದುರು ನನ್ನ ಕೆನ್ನೆಗೆ ಹೊಡೆದಿರಿ. "ನನ್ನ ಮನೆ ನೀರಿಗೆ ನೀನು ಯಾರೇ ಕಾವಲು?" ಎಂದು ನೀವೇ ಶೆಡ್ಡಿಗೆ ಹೋಗಿ ತಿರುಗಿಸಿ ಬಂದಿರಿ. ಇವರಿಗೆ ಹೇಳಿಬರುತ್ತೇನೆ ಎಂದು ಓಡಿದವಳನ್ನು ಜಡೆ ಹಿಡಿದೆಳೆದು ಉಗ್ರಾಣಕ್ಕೆ ನೂಕಿ ಚಿಲಕ ಹಾಕಿದಿರಿ. ಮಧ್ಯಾಹ್ನದವರೆಗೆ ಅಲ್ಲೇ ಬಿದ್ದಿರು, ಬುದ್ಧಿ ಬರಲಿ ಎಂದಿರಿ.

ನಾನು ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ ಎಂದು ಪೊಲೀಸರಿಗೆ ಹೇಳಿದವರು ನೀವು. ವರ್ಷ ಕಳೆಯುವುದರೊಳಗೆ ಅದನ್ನು ನೀವೇ ನಂಬಿಬಿಟ್ಟಿದ್ದಿರಿ. ನಿಮ್ಮ ಜನವರಿಯ ಕಾಗದ ನೋಡಿದಾಗ ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಉಗ್ರಾಣಕ್ಕೆ ಕಿಟಕಿಯಿಲ್ಲ. ಅಲ್ಲಿಂದ ನಾನು ಯಾರನ್ನು ಕಾಣಲಿ? ಇವರ ಕೂಗನ್ನು ಬಾಗಿಲಿನ ಈಚೆಯಿಂದ ಕೇಳಿದೆ. ಬಾಗಿಲನ್ನು ಉಗುರಿನಲ್ಲಿ ಕೆರೆದೆ. ನೀವು ನಡುಮನೆಯಲ್ಲಿ ಸ್ತೋತ್ರ ಹೇಳುತ್ತಿದ್ದಿರಿ.

ಸುಮುಖ ಅಣ್ಣನನ್ನು ಕೊಂದವನಲ್ಲ ಎಂದು ನನಗೆ ಗೊತ್ತಿತ್ತು. ಅವನ ಮೇಲೆ ನನಗೆ ಕೋಪವಿರಲಿಲ್ಲ ಎನ್ನಲಾರೆ. ನನ್ನನ್ನು ಕರೆದೊಯ್ದ ದಿನ ಮಗು ಕಾರಿನ ಹಿಂದೆ ಓಡಿಬಂತು. ಅವನು ಕನ್ನಡಿಯಲ್ಲಿ ನೋಡಿದ, ಕಾರು ನಿಲ್ಲಿಸಲಿಲ್ಲ. ನಿಮ್ಮ ಭಯ. ಆದರೂ ನಿಮಗೆ ಆ ಕಾಗದ ಬರೆಯುವಾಗ ನೀವು ಅವನನ್ನು ಹೊಡೆಯುತ್ತೀರಿ, ಮನೆಯಿಂದ ಹೊರಗೆ ಹಾಕುತ್ತೀರಿ ಎಂದುಕೊಂಡಿದ್ದೆ. ಮಾರ್ಚಿನ ನಿಮ್ಮ ಕಾಗದದಲ್ಲಿ ದೋಸೆಕಲ್ಲಿನ ವಿಷಯ ಓದಿದ ಮೇಲೆ ಹಾಗೆ ಅಂದುಕೊಳ್ಳಲಿಲ್ಲ. ಆಗಲೂ ನಿಜ ಬರೆಯಬಹುದಿತ್ತು. ಮಗುವನ್ನು ಕಳುಹಿಸಿ ಎಂದು ಮಾತ್ರ ಬರೆದೆ.

ನೀವು ಇಬ್ಬರು ಮಕ್ಕಳನ್ನು ಕೊಂದಿದ್ದೀರಿ. ನಿಮ್ಮ ಕಾಗದಗಳು ನನ್ನ ಬೀರುವಿನಲ್ಲಿವೆ. ಅವನ್ನು ಯಾರಿಗೂ ತೋರಿಸುವುದಿಲ್ಲ.

ದ್ರಾಕ್ಷಾಯಣಿ

*

ಕಿಣತ್ತುಕಡವು
20 ಜೂನ್ 2025

ದ್ರಾಕ್ಷಾಯಣಿಗೆ,

ನಿನ್ನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಸುಳ್ಳುಗಾತಿ, ಮನೆಹಾಳಿ ಎಂದು ಗಟ್ಟಿಯಾಗಿ ಬಯ್ದೆ. ಮುತ್ತಮ್ಮಾಳ್ ಹೆದರಿ ಹೊರಗೆ ಹೋದಳು.

ಆಮೇಲೆ ಉಗ್ರಾಣಕ್ಕೆ ಹೋದೆ. ಬಾಗಿಲಿನ ಒಳಮೈಯಲ್ಲಿ ಗೆರೆಗಳಿವೆ. ಬಿಳಿ ಮರ ಕಾಣುವಷ್ಟು ಆಳ. ಅದನ್ನು ಇಲಿ ಕೆರೆದದ್ದು ಎಂದು ನಾನು ಮುತ್ತಮ್ಮಾಳಿಗೆ ಹೇಳಿದ್ದೆ. ಹೇಳಿದ್ದು ನೆನಪಿದೆ. ಯಾಕೆ ಹೇಳಿದೆ ಎಂಬುದು ನೆನಪಿರಲಿಲ್ಲ.

ಶೆಡ್ಡಿಗೆ ಹೋಗಿ ಚಿಕ್ಕ ಮೋಟಾರನ್ನು ಆಟೋಗೆ ಹಾಕಿ ಕಾದು ಕುಳಿತೆ. ಕರೆಂಟು ಬಂತು. ಯಾರೂ ಮುಟ್ಟದೆ ಅದು ಓಡಿತು. ಟ್ಯಾಂಕು ತುಂಬಿ ಹರಿಯುವವರೆಗೆ ನಾನು ಏಳಲಿಲ್ಲ.

ಮರುದಿನ ರೇಷ್ಮೆ ಸೀರೆ ಉಟ್ಟು ಪೊಲೀಸ್ ಸ್ಟೇಷನ್ನಿಗೆ ಹೋದೆ. ಇನ್‌ಸ್ಪೆಕ್ಟರು ಪೆರಿಯನಾಯಕಿ ಎಂಬ ಹೆಣ್ಣುಮಗಳು. ಇಬ್ಬರು ಮಕ್ಕಳನ್ನೂ ನಾನೇ ಕೊಂದೆ, ಬರೆದುಕೋ ಎಂದೆ. ಅವಳು ಎದ್ದು ಬಂದು ನನ್ನ ಪಕ್ಕ ಕೂತಳು. ಕಾಫಿ ತರಿಸಿದಳು. ಎರಡು ಹೆಣ ಕಂಡ ಮನೆ, ಯಾವ ತಾಯಿಗಾದರೂ ಹೀಗೆ ಅನಿಸುತ್ತದೆ ಪಾಟಿ ಎಂದು ಅಜ್ಜಿಯನ್ನು ಕರೆಯುವಂತೆ ಕರೆದು ನನ್ನ ಬೆನ್ನು ಸವರಿದಳು. ನಾನು ಮೇಜು ಗುದ್ದಿದೆ. ರುಬ್ಬುಗುಂಡು ಬಾವಿಯ ತಳದಲ್ಲಿದೆ, ಇಳಿದು ನೋಡಿ ಎಂದೆ. ಕಟ್ಟೆಯ ಕಲ್ಲೆಲ್ಲ ಅಲ್ಲೇ ಇದೆ ಅಮ್ಮಾ, ನಾವೇ ನೋಡಿದ್ದೇವೆ ಎಂದಳು. ನನ್ನ ಮೈದುನನ ಮಗಳು ಧನಶ್ರೀಗೆ ಫೋನು ಮಾಡಿದಳು. ಆ ಹುಡುಗಿ ಡಾಕ್ಟರು. ಬಂದು ನನ್ನ ರೆಪ್ಪೆ ಎತ್ತಿ ನೋಡಿ, "ಪೆರಿಯಮ್ಮಾ, ಸ್ವಲ್ಪ ದಿವಸ ಮಾತ್ರೆ ತೊಗೊಂಡ್ರೆ ಈ ಯೋಚನೆ ಎಲ್ಲಾ ಹೋಗ್ಬಿಡ್ತದೆ" ಎಂದಳು.

ನನ್ನ ಎದುರಿಗೇ ನನ್ನ ವಿಷಯ ಮಾತಾಡುತ್ತಾರೆ. ಊಟ ಮಾಡಿದರಾ ಎಂದು ನನ್ನನ್ನು ಕೇಳುವುದಿಲ್ಲ, ಮುತ್ತಮ್ಮಾಳನ್ನು ಕೇಳುತ್ತಾರೆ.

ನೀನು ಬಂದು ಹೇಳು. ನೀನು ಉಗ್ರಾಣದಲ್ಲಿದ್ದವಳು. ನನ್ನ ಕಾಗದಗಳನ್ನು ತಂದು ಆ ಇನ್‌ಸ್ಪೆಕ್ಟರ ಮೇಜಿನ ಮೇಲೆ ಹಾಕು, ಯಾರಿಂದಾದರೂ ಓದಿಸಲಿ.

ಸರಸ್ವತಮ್ಮ

*

ಕಿಣತ್ತುಕಡವು
4 ಸೆಪ್ಟೆಂಬರ್ 2025

ದ್ರಾಕ್ಷಾಯಣಿಯವರಿಗೆ ನಮಸ್ಕಾರಗಳು.

ಜೂನಿನಲ್ಲಿ ಬರೆದದ್ದಕ್ಕೆ ತಾವು ಉತ್ತರ ಬರೆಯಲಿಲ್ಲ. ಜುಲೈಯಲ್ಲಿ ಬರೆದದ್ದಕ್ಕೂ ಇಲ್ಲ. ವಿಳಾಸ ಬದಲಾಗಿರಬಹುದೆಂದು ತಮ್ಮ ಅಣ್ಣನ ಹೆಸರಿಗೆ ಇದನ್ನು ರಿಜಿಸ್ಟರು ಮಾಡಿಸುತ್ತಿದ್ದೇನೆ.

ಮಗುವನ್ನು ನೋಡಬೇಕೆಂದು ಕೇಳುತ್ತಿಲ್ಲ. ತಾವು ಈ ಮನೆಗೆ ಬರಬೇಕೆಂದೂ ಕೇಳುತ್ತಿಲ್ಲ. ಸ್ಟೇಷನ್ನಿಗೆ ಮಾತ್ರ ಬನ್ನಿ. ಬಸ್ಸಿನವರು ಅದರ ಬಾಗಿಲಿಗೇ ನಿಲ್ಲಿಸುತ್ತಾರೆ. ತಾವು ಒಂದು ಮಾತು ಹೇಳಿದರೆ ಅವರು ನಂಬುತ್ತಾರೆ.

ಇಲ್ಲಿ ಎಲ್ಲರೂ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ದಯವಿಟ್ಟು ಬನ್ನಿ.

ಸರಸ್ವತಿ